ಹೆರಿಗೆ ಕೋಣೆಯ ಅಟ್ಟ

ಹೆರಿಗೆ ಕೋಣೆಯೊಳಗೆ ಅಟ್ಟ ಕಟ್ಟಿದವರನ್ನು ಯಾರಾದರೂ ನೋಡಿದ್ದುಂಟೇ? ನರ್ಸ್ ಸುವರ್ಣಮ್ಮ ನೋಡಿದ್ದಳು. ಹಾಲ್ಕುರಿಕೆ ಕಡೆಯ ಆ ಊರಿಗೆ ಸರ್ಕಾರ ತೊಂಬತ್ತೇಳರಲ್ಲಿ ಆರೋಗ್ಯ ಉಪಕೇಂದ್ರ ಕಟ್ಟಿಸಿತು. ಹೆರಿಗೆ ಮೇಜು ಬಂತು, ನಲ್ಲಿಗೆ ನೀರು ಬಂತು, ಕರೆಂಟೂ ಬಂತು. ಬಾರದೆ ಉಳಿದದ್ದು ಉದ್ಘಾಟನೆಗೆ ಮಂತ್ರಿಗಳ ತಾರೀಖು ಒಂದೇ. ಅಲ್ಲಿಯವರೆಗೆ ಬೀಗದಕೈ ಜಾಗ ಕೊಟ್ಟ ದಾನಿ ಗಿಡ್ಡಯ್ಯನ ಬಳಿ ಇರಲಿ ಎಂದರು ಇಲಾಖೆಯವರು. ಖಾಲಿ ಮನೆ ಕಂಡರೆ ಗಿಡ್ಡಯ್ಯನಿಗೆ ಸುಮ್ಮನಿರಲಾಗುತ್ತದೆಯೇ? ಬಿದಿರು ತಂದು, ಕಂಬ ನಿಲ್ಲಿಸಿ, ಹೆರಿಗೆ ಮೇಜಿನ ನೆತ್ತಿಯ ಮೇಲೇ ಅಟ್ಟ ಹಾಕಿದ. ತೋಟದ ತೆಂಗಿನಕಾಯಿಯನ್ನೆಲ್ಲ ಕೊಬ್ಬರಿಗೆಂದು ಏರಿಸಿ ಬೀಗ ಜಡಿದ.

ಸುವರ್ಣಮ್ಮ ಕೇಳಲು ಹೋದಾಗ ಅವನು ಜಗುಲಿಯಲ್ಲಿ ಎಲೆಗೆ ಸುಣ್ಣ ಹಚ್ಚುತ್ತಿದ್ದ.

“ಒಂದ್ ವರ್ಷ ಮುಟ್ಟಂಗಿಲ್ಲ ಕಣಮ್ಮ. ಒಳಗಿನ ನೀರು ಇಂಗಿ ಕೊಬ್ಬರಿ ಗಡಗಡ ಅನ್ಬೇಕು. ಈಗ ಅಲ್ಲಾಡ್ಸಿದ್ರೆ ಕೊಳ್ತೋಯ್ತವೆ. ಮನೆದೇವ್ರ ಮೀಸಲು ಕಾಯಿ ಬೇರೆ ಐತೆ ಅದ್ರಾಗೆ.”

“ನಿಂಗಮ್ಮನ ಸೊಸೆ ನಿರ್ಮಲಂಗೆ ದಿನ ತುಂಬ್ತಾ ಐತೆ ಗಿಡ್ಡಯ್ಯೋರೆ. ಅವಳಿಗೂ ಒಂದ್ ವರ್ಷ ತಡ್ಕೊಳವ್ವ ಅನ್ಲಾ?”

“ಮಂತ್ರಿಗಳು ಬತ್ತಾರೆ ಅನ್ಲಿ, ಒಂದೇ ದಿನಕ್ಕೆ ಇಳಿಸ್ಕೊಡ್ತೀನಿ.”

ಮಂತ್ರಿ ಬಂದರೆ ಕೊಳೆಯದ ಕಾಯಿ ಬಸುರಿ ಬಂದರೆ ಕೊಳೆಯುತ್ತದಂತೆ! ಸುವರ್ಣಮ್ಮನಿಗೆ ಮೈಯೆಲ್ಲ ಉರಿದುಹೋಯಿತು. ಅದೇ ಉರಿಯಲ್ಲಿ ಬಸ್ಸು ಹತ್ತಿ ತಿಪಟೂರಿಗೆ ಹೋಗಿ ಆರೋಗ್ಯ ಇಲಾಖೆಯ ಸಾಹೇಬರ ಮುಂದೆ ನಿಂತಳು.

“ಉದ್ಘಾಟನೆ ಆಗದ ಕಟ್ಟಡ ನೀವು ಹೇಗಮ್ಮ ಬಳಸ್ತೀರಿ?” ಎಂದರು ಸಾಹೇಬರು.

“ಕಾಯಿ ಇಟ್ಟಿದಾರಲ್ಲ ಸಾರ್?”

“ಅದು ಬೇರೆ ವಿಷಯ.”

ಅದು ಹೇಗೆ ಬೇರೆ ಎಂದು ಸಾಹೇಬರು ಹೇಳಲಿಲ್ಲ. ಸುವರ್ಣಮ್ಮ ದಾರಿಯುದ್ದಕ್ಕೂ ಹಲ್ಲು ಕಡಿಯುತ್ತ ಊರಿಗೆ ಬಂದಳು. ಹಿಂದಿನ ಬೇಸಿಗೆಯಲ್ಲಿ ಇದೇ ದಾರಿಯಲ್ಲಿ, ಆಸ್ಪತ್ರೆಗೆ ಒಯ್ಯುವಾಗ, ನಿಂಗಮ್ಮನ ಹಿರಿಸೊಸೆ ಟೆಂಪೋದಲ್ಲೇ ಹೆತ್ತು, ರಕ್ತ ನಿಲ್ಲದೆ ಸುವರ್ಣಮ್ಮನ ತೊಡೆಯ ಮೇಲೇ ಪ್ರಾಣ ಬಿಟ್ಟಿದ್ದಳು. ಕುಲುಕಾಟದಲ್ಲಿ, ಕತ್ತಲಲ್ಲಿ, ರಕ್ತ ಎಲ್ಲಿಂದ ಬರುತ್ತಿದೆ ಎಂಬುದೇ ಇವಳಿಗೆ ಕಂಡಿರಲಿಲ್ಲ. ಈಗ ಕಿರಿಯವಳ ಸರದಿ. ಒಂದು ಬಲ್ಬಿನ ಬೆಳಕು ಸಿಕ್ಕರೆ ಕಿರಿಯವಳನ್ನಾದರೂ ಉಳಿಸಿಕೊಳ್ಳಬಹುದು.

ನಿರ್ಮಲಾಗೆ ನೋವು ಕಾಣಿಸಿಕೊಂಡದ್ದು ತಿಪಟೂರಿನಲ್ಲಿ ಕೊಬ್ಬರಿ ಹರಾಜಿದ್ದ ದಿನ. ಗಿಡ್ಡಯ್ಯ ಅಲ್ಲಿಗೆ ಹೋಗಿದ್ದ, ಊರಿನ ಟೆಂಪೋಗಳೂ ಅವನ ಹಿಂದೆಯೇ ಹೋಗಿದ್ದವು. ಸುವರ್ಣಮ್ಮ ಅವನ ಹೆಂಡತಿ ರಂಗಕ್ಕನ ಬಳಿಗೆ ಓಡಿದಳು.

“ಬೀಗದಕೈ ಕೊಡ್ರಿ ರಂಗಕ್ಕ.”

“ಅವ್ರು ಬಂದ್ರೆ ನನ್ ಜೀವ ತಿಂತಾರೆ ನರ್ಸಮ್ಮ.”

“ತಿನ್ಲಿ ಬುಡ್ರಿ! ಅಲ್ಲಿ ಎರಡು ಜೀವ ಒದ್ದಾಡ್ತಾ ಅವೆ.”

ರಂಗಕ್ಕ ಸೊಂಟದಿಂದ ಬೀಗದಕೈ ಬಿಚ್ಚಿ, ತಾನೂ ಹಿಂದೆಯೇ ಬಂದಳು.

ಹೆರಿಗೆ ಮೇಜಿನ ಮೇಲೆ ಮಲಗಿಸಿದ ನಿರ್ಮಲಾ ನೋವು ತಾಳಲಾರದೆ ಅಟ್ಟದ ಕಂಬ ಹಿಡಿದು ಜಗ್ಗಿದಾಗಲೆಲ್ಲ ಮೇಲೆ ಕಾಯಿಗಳು ಉರುಳಾಡಿದವು. ತಲೆಯ ಮೇಲೆ ಬಿದ್ದೀತೆಂದು ರಂಗಕ್ಕ ಕಂಬವನ್ನು ತಬ್ಬಿಕೊಂಡೇ ನಿಂತಳು. ಹೆಣ್ಣು ಮಗು ಹುಟ್ಟಿತು. ಹಿಂದೆಯೇ ರಕ್ತ ಹರಿಯತೊಡಗಿತು. ಆದರೆ ಈ ಸಲ ಬೆಳಕಿತ್ತು. ಹರಿದ ಜಾಗ ಸುವರ್ಣಮ್ಮನ ಕಣ್ಣಿಗೆ ಕಂಡಿತು. ಇಂಜೆಕ್ಷನ್ ಕೊಟ್ಟು ಹೊಲಿಗೆ ಹಾಕಿದಳು. ರಕ್ತ ನಿಂತಿತು. ಸುವರ್ಣಮ್ಮ ನೆಲದ ಮೇಲೆ ಕುಸಿದು ಕೂತು, ಯಾರಿದ್ದಾರೆಂದೂ ನೋಡದೆ ಅತ್ತುಬಿಟ್ಟಳು.

ಸಂಜೆ ಗಿಡ್ಡಯ್ಯ ಬಂದವನು ಹೊಸ್ತಿಲಾಚೆಯೇ ನಿಂತು ಕೂಗಾಡಿದ. ಹೆರಿಗೆಯಾದ ಮನೆಗೆ ಪುರುಡು, ಆ ಸೂತಕ ಕಳೆಯುವ ತನಕ ಅವನು ಒಳಗೆ ಕಾಲಿಡುವವನಲ್ಲ.

“ದೇವ್ರ ಮೀಸಲು ಕಾಯಿಗೆ ಪುರುಡು ತಟ್ಟಿಸ್ಬುಟ್ಯಲ್ಲಮ್ಮ! ಹೋಗ್ಲಿ ಅತ್ಲಾಗೆ, ಪುರುಡು ಕಳೆದ್ಮೇಲೆ ಗಂಜಳ ಚಿಮುಕಿಸಿ ಮತ್ತೆ ಬೀಗ ಹಾಕ್ತೀನಿ.”

ಇಷ್ಟು ದಿನ ಇದು ತನ್ನ ತಲೆಗೆ ಹೊಳೆಯಲೇ ಇಲ್ಲವಲ್ಲ ಎಂದು ಸುವರ್ಣಮ್ಮನಿಗೆ ತನ್ನ ಮೇಲೇ ಸಿಟ್ಟು ಬಂತು.

“ಕಳೆಯೋದೆಲ್ಲಿ ಬಂತು ಗಿಡ್ಡಯ್ಯೋರೆ? ಮುಂದಿನ್ ವಾರ ಈರಣ್ಣನ ಹೆಂಡ್ತಿ ಬತ್ತಾಳೆ. ಅವಳ ಪುರುಡು ಮುಗಿಯಾದ್ರೊಳಗೆ ಇನ್ನೊಬ್ಳು. ಈ ಕೋಣೆಗೆ ಇನ್ಮೇಲೆ ಪುರುಡು ಕಳೆಯಾಕಿಲ್ಲ.”

ಗಿಡ್ಡಯ್ಯ ಅಟ್ಟದ ಕಡೆ ನೋಡಿದ, ಮಗುವಿನ ಕಡೆ ನೋಡಿದ, ಕೊನೆಗೆ ಹೆಂಡತಿಯ ಮೇಲೆ ಹರಿಹಾಯ್ದ.

“ಬೀಗದಕೈ ಎಲ್ಲೇ?”

ರಂಗಕ್ಕ ಅದನ್ನು ಸುವರ್ಣಮ್ಮನ ಅಂಗೈಯಲ್ಲಿಟ್ಟು ಬೆರಳು ಮಡಚಿದಳು.

“ಪುರುಡಿನ ಕೋಣೆ ಬೀಗದಕೈ ನಮ್ಮನೇಗೆ ಯಾಕ್ರೀ? ಆಳು ಕರ್ಕಬಂದು ನಿಮ್ ಕಾಯಿ ಇಳಿಸ್ಕಳಿ.”