ಕೊಡಬೇ

ನನ್ನ ಮನೆಯಲ್ಲಿ ನನ್ನ ಪರವಾಗಿ ಎಲ್ಲರೂ ಮಾತಾಡುತ್ತಿದ್ದರು, ನನ್ನೊಬ್ಬನನ್ನು ಬಿಟ್ಟು.

ಪಾರ್ಶ್ವವಾಯು ಹೊಡೆದಾಗ ಮೊದಲು ಎಡಗೈ ಕೈಕೊಟ್ಟಿತು. ನಾಲಿಗೆಯೂ ಅದರ ಪಕ್ಷ ಸೇರಿಕೊಂಡಿತು. ತಲೆಯೊಳಗೆ ಮಾತು ಮೊದಲಿನಂತೆಯೇ ಹುಟ್ಟುತ್ತದೆ, ವ್ಯಾಕರಣ ಸಮೇತ. ಹೊರಗೆ ಬರುವಾಗ ಮಾತ್ರ ಬಾಯ್ತುಂಬ ನೀರಿಟ್ಟುಕೊಂಡವನ ಸದ್ದಾಗಿ ಬರುತ್ತದೆ. "ಬುದ್ಧಿಗೆ ಏನೂ ಆಗಿಲ್ಲ, ಬರೆದು ತೋರಿಸಲಿ" ಎಂದರು ಡಾಕ್ಟರು. ಪೆನ್ನಿನಲ್ಲಿ ಬರೆದು ಹಾಸಿಗೆಗೆಲ್ಲ ಇಂಕು ಬಳಿದಿಟ್ಟ ಮೇಲೆ ಹೆಂಡತಿ ಪೆನ್ನು ಕಿತ್ತುಕೊಂಡಳು. ಒಂದು ಪ್ಯಾಡು, ಒಂದು ಮರದ ಪೆನ್ಸಿಲ್ ತಂದುಕೊಟ್ಟಳು. ಒಂದನೇ ಕ್ಲಾಸಿಗೆ ಸೇರಿದ ಹಾಗಾಯಿತು.

ಪೆನ್ಸಿಲಿನ ಸಂಕಟ ಎರಡು ಕೈ ಇರುವವರಿಗೆ ತಿಳಿಯುವುದಿಲ್ಲ. ಅದನ್ನು ಚೂಪು ಮಾಡಲು ಒಂದು ಕೈ ಪೆನ್ಸಿಲಿಗೆ, ಇನ್ನೊಂದು ಕೈ ಶಾರ್ಪನರಿಗೆ ಬೇಕು. ನನ್ನ ಕೈಯೋ ಒತ್ತಿ ಬರೆಯುವ ಕೈ. ನಾಲ್ಕು ಸಾಲಿಗೆ ಮೊನೆ ಸವೆಯುತ್ತಿತ್ತು, ಇಲ್ಲವೇ ಚಟ್ಟನೆ ಮುರಿಯುತ್ತಿತ್ತು. ಹಾಗಾಗಿ ಮಾತಾಡಬೇಕಾದರೆ ಮೊದಲು ಮೊನೆ ಬೇಡಬೇಕಿತ್ತು. ನಾವು ಗಂಡಹೆಂಡಿರು ಜಗಳಕ್ಕೆ ಬಿದ್ದು ಇನ್ನೇನು ನಾನು ಗೆಲ್ಲಬೇಕು ಅನ್ನುವಾಗಲೇ ಮೊನೆ ಹೋಗುತ್ತಿತ್ತು. ಅವಳು, "ಒಲೆ ಮೇಲೆ ಹಾಲಿದೆ ರೀ, ಆಮೇಲೆ ಮಾಡ್ಕೊಡ್ತೀನಿ" ಎಂದು ಒಳಗೆ ಹೋಗಿಬಿಡುತ್ತಿದ್ದಳು. ಆ ಹಾಲು ಉಕ್ಕಿದ್ದನ್ನು ನಾನು ಒಮ್ಮೆಯೂ ನೋಡಲಿಲ್ಲ.

ಹೀಗಿರುವಾಗ ಮೇಜಿನ ಮಾತು ಬಂತು.

ನಾನು ಕೆಲಸ ಮಾಡಿದ್ದು ಡ್ರಾಫ್ಟ್ಸ್‌ಮನ್ ಆಗಿ. ಮನೆ, ಮೆಟ್ಟಿಲು, ಚರಂಡಿ, ಸೇತುವೆ, ಎಲ್ಲದರ ನಕ್ಷೆ ಬರೆದವನು. ಆಫೀಸಿಗೆ ಕಂಪ್ಯೂಟರ್ ಬಂದು ಡ್ರಾಯಿಂಗ್ ಮೇಜುಗಳನ್ನು ಹೊರಗೆ ಹಾಕಿದಾಗ ನನ್ನದನ್ನು ನಾನೇ ಮನೆಗೆ ತಂದಿದ್ದೆ. ಮುಂದಿನ ಕೋಣೆಯ ಕಿಟಕಿಯ ಪಕ್ಕ ಅದರ ಜಾಗ. ಹಲಗೆಯನ್ನು ಬೇಕಾದಷ್ಟು ಓರೆ ಮಾಡಬಹುದು, ನೆಟ್ಟಗೂ ನಿಲ್ಲಿಸಬಹುದು. ಪಾರ್ಶ್ವವಾಯು ಹೊಡೆಯುವ ಹಿಂದಿನ ದಿನವೂ ಅದರ ಮುಂದೆ ನಿಂತಿದ್ದೆ. ಇನ್ನೊಮ್ಮೆ ನಿಲ್ಲುತ್ತೇನೆ ಎಂಬ ಆಸೆಯೊಂದೇ ನನ್ನನ್ನು ಬೆಳಿಗ್ಗೆ ಎಬ್ಬಿಸುತ್ತಿತ್ತು. ಇದನ್ನು ಯಾರಿಗೂ ಹೇಳಿರಲಿಲ್ಲ. ಹೇಳುವಷ್ಟು ಮೊನೆ ಇರಲಿಲ್ಲ.

ಹೆಂಡತಿಯ ಕಷ್ಟವೂ ಸುಳ್ಳಲ್ಲ. ಮಲಗುವ ಕೋಣೆ ಮನೆಯ ಹಿಂದಿನ ತುದಿಯಲ್ಲಿ, ಬಚ್ಚಲು ಮುಂದಿನ ಕೋಣೆಗೆ ಅಂಟಿಕೊಂಡಿದೆ. ಹೋಗುವಾಗ ಬರುವಾಗ ನನ್ನ ಭಾರವೆಲ್ಲ ಅವಳ ಹೆಗಲ ಮೇಲೆ. ಅವಳ ಸೊಂಟ ಬಿದ್ದುಹೋಗಿತ್ತು. ಮುಂದಿನ ಕೋಣೆಗೇ ಮಂಚ ಹಾಕೋಣವೆಂದರೆ ಮೇಜು ಅಡ್ಡ. ಆಗ ಒದಗಿಬಂದವನು ನನ್ನ ಭಾವಮೈದ, ಅಂದರೆ ಅವಳ ತಮ್ಮ. ಪರದೆ ಹೊಲಿಯುವ ಅಂಗಡಿ ಅವನದು. ಒಳ್ಳೆಯ ಮನುಷ್ಯ, ಬಾಯಿ ಮಾತ್ರ ಒಂದು ಗಳಿಗೆ ಸುಮ್ಮನಿರದು.

"ಭಾವ, ಮೇಜು ನನಗೆ ಕೊಟ್ಬಿಡಿ. ಬಟ್ಟೆ ಹರಡಿ ಕತ್ತರಿಸೋಕೆ ಹೇಳಿ ಮಾಡಿಸಿದ ಹಾಗಿದೆ. ಅಕ್ಕನಿಗೂ ಜಾಗ ಆಗತ್ತೆ. ಏನಂತೀರಿ?"

ನನ್ನ ಹಲಗೆಯ ಮೇಲೆ ಕತ್ತರಿ! ಪೆನ್ಸಿಲ್ ಎತ್ತಿಕೊಂಡು ಪ್ಯಾಡಿನ ಮೇಲೆ ಒತ್ತಿ ಬರೆಯತೊಡಗಿದೆ. ‘ಮೇಜು ಕೊಡಬೇ’ ಎನ್ನುವಷ್ಟರಲ್ಲಿ ಚಟ್ ಎಂದಿತು. ಮೊನೆ ಹಾರಿ ಎಲ್ಲೋ ಬಿತ್ತು.

ನಮ್ಮ ಭಾಷೆಯ ಮೇಲೆ ನನಗೆ ಸಿಟ್ಟು ಬಂದದ್ದು ಅದೊಂದೇ ಸಲ. ಹೌದೋ ಅಲ್ಲವೋ ಎನ್ನುವುದನ್ನು ಕಟ್ಟಕಡೆಯ ಅಕ್ಷರದವರೆಗೆ ಬಚ್ಚಿಟ್ಟುಕೊಳ್ಳುತ್ತದಲ್ಲ! ಭಾವಮೈದ ಪ್ಯಾಡು ಎತ್ತಿಕೊಂಡು ಗಟ್ಟಿಯಾಗಿ ಓದಿದ: "ಮೇಜು ಕೊಡಬೇಕು! ನೋಡಿದ್ಯಾ ಅಕ್ಕ, ನಮ್ಮ ಭಾವನ ಮನಸ್ಸು ಎಷ್ಟು ದೊಡ್ಡದು ಅಂತ!"

ನಾನು ತಲೆ ಅಲ್ಲಾಡಿಸಿದೆ, ಗಂಟಲಿನಿಂದ ಸದ್ದು ಮಾಡಿದೆ. ಸಿಟ್ಟಿಗೆ ಕಣ್ಣಲ್ಲಿ ನೀರು ಬಂತು. ಈ ಕಾಯಿಲೆಯಲ್ಲಿ ಕಣ್ಣೀರು ಹೇಳದೆ ಕೇಳದೆ ಬರುತ್ತದೆಂದು ಡಾಕ್ಟರು ಮೊದಲೇ ಹೇಳಿದ್ದರು. "ಪಾಪ, ಮನಸ್ಸು ತುಂಬಿ ಬಂದಿದೆ" ಎಂದು ಇಬ್ಬರೂ ನನ್ನ ಬೆನ್ನು ಸವರಿದರು.

ಮರುದಿನ ಮೊನೆ ಸಿಕ್ಕಿದ ಕೂಡಲೇ ‘ಬೇಡ. ಕೊಡಬೇಡ ಅಂತ ಬರೆದದ್ದು’ ಎಂದು ಬರೆದೆ. ಹೆಂಡತಿ ಓದಿ ಹಣೆ ಮುಟ್ಟಿ ನೋಡಿದಳು. ತಮ್ಮನಿಗೆ ಫೋನು ಮಾಡಿದಳು. ಅವನ ಧ್ವನಿ ನನಗೂ ಕೇಳುವಷ್ಟು ದೊಡ್ಡದು. "ಅಕ್ಕ, ನಿನ್ನೆ ಬೇಕು ಅಂದ್ರು, ಇವತ್ತು ಬೇಡ ಅಂತಾರೆ. ಈ ಕಾಯಿಲೇಲಿ ಹಾಗೇ, ಗಳಿಗೆಗೊಂದು ಹೇಳ್ತಾರೆ. ನೀನು ತಲೆ ಕೆಡಿಸ್ಕೋಬೇಡ, ನಾನು ಭಾನುವಾರ ಗಾಡಿ ತರ್ತೀನಿ."

ಈಗ ಮೇಜಿನ ಜೊತೆ ನನ್ನ ಬುದ್ಧಿಯನ್ನೂ ಗಾಡಿಗೆ ಹಾಕುತ್ತಿದ್ದರು. ಇನ್ನು ನಾನು ಎಷ್ಟು ಸಲ ‘ಬೇಡ’ ಎಂದು ಬರೆದರೂ ಅದು ಕಾಯಿಲೆಯ ಖಾತೆಗೇ ಹೋಗುತ್ತದೆ. ಅವನ ಎದುರಿಗೇ, ಯಾರ ಕೈಯನ್ನೂ ಕಾಯದೆ, ಒಂದು ವಾಕ್ಯವನ್ನು ತುದಿ ಮುಟ್ಟಿಸಬೇಕು. ಅಷ್ಟಾಗದಿದ್ದರೆ ಮೇಜು ಹೋಯಿತು, ನನ್ನ ಮಾತೂ ಹೋಯಿತು.

ದಾರಿ ತೋರಿಸಿದವಳು ಹೆಂಡತಿಯೇ, ತನಗೇ ಗೊತ್ತಿಲ್ಲದೆ. ಹಗಲು ಹೊತ್ತು ನನ್ನನ್ನು ಮೇಜಿನ ಪಕ್ಕದ ಕುರ್ಚಿಯಲ್ಲಿ ಕೂರಿಸುತ್ತಿದ್ದಳು. ಆವತ್ತು ಮೇಜಿನ ಡ್ರಾಯರ್ ಖಾಲಿ ಮಾಡುತ್ತ ಕೇಳಿದಳು: "ಈ ಕಬ್ಬಿಣದ ಪೆನ್ಸಿಲ್ ಎಲ್ಲ ಗುಜರಿಗೆ ಹಾಕ್ಲಾ ರೀ?"

ಬಲಗೈ ಚಾಚಿ ಕಿತ್ತುಕೊಂಡೆ. ನನ್ನ ಹಳೆಯ ಕ್ಲಚ್ ಪೆನ್ಸಿಲ್!

ಅದರಲ್ಲಿ ಮರವಿಲ್ಲ, ಹೆರೆಯುವ ಗೋಜಿಲ್ಲ. ತೆಳ್ಳನೆಯ ಲೋಹದ ಕೊಳವೆ, ಒಳಗೆ ಉದ್ದನೆಯ ದಪ್ಪ ಲೆಡ್ಡಿನ ಕಡ್ಡಿ. ತುದಿಯಲ್ಲಿ ಮೂರು ಹಲ್ಲಿನ ಪುಟ್ಟ ಬಾಯಿ, ಹಿಂದೆ ಒಂದು ಗುಂಡಿ. ಗುಂಡಿ ಒತ್ತಿದರೆ ಬಾಯಿ ತೆರೆಯುತ್ತದೆ, ಬಿಟ್ಟರೆ ಕಚ್ಚಿಕೊಳ್ಳುತ್ತದೆ. ಕಡ್ಡಿ ಮುಗಿದರೆ ಇನ್ನೊಂದು ಹಾಕಿದರಾಯಿತು. ಮಕ್ಕಳು ಶಾಲೆಗೆ ಒಯ್ಯುವ ಟಿಕ್ ಟಿಕ್ ಪೆನ್ಸಿಲಿನಂತೆ ಒತ್ತಿದಷ್ಟೇ ಹೊರಗೆ ಬರುವ ಶಿಸ್ತು ಇದಕ್ಕಿಲ್ಲ. ಬಾಯಿ ತೆರೆದರೆ ಇಡೀ ಕಡ್ಡಿ ಜಾರಿ ಕೆಳಗೆ ಬೀಳುತ್ತದೆ. ಹಿಂದೆಲ್ಲ ಕೆಳಗೆ ಎಡ ಅಂಗೈ ಒಡ್ಡುತ್ತಿದ್ದೆ. ಈಗ ಒಡ್ಡಲು ಎಡಗೈ ಎಲ್ಲಿದೆ?

ಮೊದಲ ಸಲ ಒತ್ತಿದಾಗ ಕಡ್ಡಿ ನೆಲಕ್ಕೆ ಬಿದ್ದು ಚೂರಾಯಿತು. ಎರಡನೆಯದೂ ಅದೇ ದಾರಿ ಹಿಡಿಯಿತು. ಹೆಂಡತಿ ಕಸಬರಿಗೆ ತಂದಳು. "ಆಡ್ಕೊಳ್ಳಿ ಆಡ್ಕೊಳ್ಳಿ, ಹೇಗೂ ಭಾನುವಾರದವರೆಗೆ ತಾನೆ" ಎಂದು ಗುಡಿಸಿದಳು. ನಾನು ಹಲ್ಲು ಕಚ್ಚಿ ಚೂರುಗಳಲ್ಲೇ ಉದ್ದನೆಯದನ್ನು ಎತ್ತಿಕೊಂಡೆ.

ಬಿಡಲಿಲ್ಲ. ಪೆನ್ಸಿಲ್ಲನ್ನು ಕಾಗದದಿಂದ ಒಂದು ಉಗುರಿನಷ್ಟು ಮೇಲೆ ನಿಲ್ಲಿಸಿ ಹೆಬ್ಬೆರಳಿನಿಂದ ಗುಂಡಿ ಒತ್ತಿದರೆ ಕಡ್ಡಿ ಇಳಿದು ಕಾಗದಕ್ಕೆ ತಾಗಿ ನಿಲ್ಲುತ್ತದೆ. ಆಗ ಬೆರಳು ಬಿಡಬೇಕು. ಬೇಗ ಬಿಟ್ಟರೆ ಕಡ್ಡಿ ಇಳಿದಿರುವುದಿಲ್ಲ, ಎತ್ತರ ಹೆಚ್ಚಾದರೆ ಬಳಕುವಷ್ಟು ಉದ್ದ ಹೊರಗೆ ಬಂದು ಮುರಿಯುತ್ತದೆ. ಕಾಗದವೇ ನನ್ನ ಎಡಗೈ ಎಂದುಕೊಂಡು ಒತ್ತಿದೆ, ಬಿಟ್ಟೆ, ಒತ್ತಿದೆ, ಬಿಟ್ಟೆ. ಹೆಬ್ಬೆರಳು ಊದಿಕೊಂಡಿತು. ಹೊಸ ಕಡ್ಡಿ ತುಂಬುವುದು ಇನ್ನೊಂದು ಸಾಹಸ. ಕೊನೆಗೆ ಕಡ್ಡಿಯನ್ನು ತುಟಿಯಲ್ಲಿ ಹಿಡಿದು ಪೆನ್ಸಿಲಿನ ತೆರೆದ ಬಾಯನ್ನು ಅದಕ್ಕೆ ತೂರಿಸುವುದನ್ನು ಕಲಿತೆ. ಮಾತಿಗೆ ಬಾರದ ಬಾಯಿ ಇದಕ್ಕಾದರೂ ಬಂತು.

"ಏನ್ರೀ ಇದು, ಮಸಿ ತಿಂದಿದ್ದೀರಾ?" ಎಂದು ಹೆಂಡತಿ ಸೆರಗಿನಿಂದ ತುಟಿ ಉಜ್ಜಿದಳು.

ಇನ್ನು ಮೊನೆ. ಅದಕ್ಕೊಂದು ದುಂಡನೆಯ ಪುಟ್ಟ ಡಬ್ಬಿಯಿದೆ. ಕಡ್ಡಿಯನ್ನು ಅದರ ತೂತಿಗೆ ಇಳಿಸಿ ಪೆನ್ಸಿಲ್ಲನ್ನೇ ಗರಗರ ಸುತ್ತಿಸಿದರೆ ಸೂಜಿಯಂಥ ಮೊನೆ ಬರುತ್ತದೆ. ಆದರೆ ನಾನು ಸುತ್ತಿಸಿದರೆ ಡಬ್ಬಿಯೂ ನನ್ನ ಜೊತೆ ಸುತ್ತುತ್ತದೆ, ಹಿಡಿಯುವವರಿಲ್ಲ. ಒಂದು ಮಧ್ಯಾಹ್ನ ಪೂರ್ತಿ ಅದರ ಹಿಂದೆ ಅಲೆದೆ. ಆಮೇಲೆ ಡಬ್ಬಿಯನ್ನು ಡ್ರಾಯರಿನ ಬಾಯಿಗೆ ಇಟ್ಟು, ಡ್ರಾಯರನ್ನು ಹೊಟ್ಟೆಯಿಂದ ಒತ್ತಿದೆ. ಡಬ್ಬಿ ಸಂದಿಯಲ್ಲಿ ಗಟ್ಟಿಯಾಗಿ ಸಿಕ್ಕಿಕೊಂಡಿತು. ಹೆಂಡತಿ ವರ್ಷಗಟ್ಟಲೆ ಆಡಿಕೊಂಡ ಹೊಟ್ಟೆ ಅದು. ಗರಗರ ಸುತ್ತಿಸಿ ಹೊರತೆಗೆದು ನೋಡಿದೆ. ಮೊನೆ ಹೊಳೆಯುತ್ತಿತ್ತು. ಯಾರನ್ನೂ ಕೇಳದೆ ನಾನೇ ಮಾಡಿಕೊಂಡ ಮೊನೆ! ಆ ಸಂತೋಷಕ್ಕೆ ಬಂದ ಕಣ್ಣೀರು ಮಾತ್ರ ಕಾಯಿಲೆಯದಲ್ಲ.

ಬರೀ ವಾಕ್ಯ ಸಾಲದು ಅನ್ನಿಸಿತು. ಮೇಜು ಇಟ್ಟುಕೊಂಡರೆ ಹೆಂಡತಿಯ ಸೊಂಟದ ಗತಿಯೇನು? ಅದಕ್ಕೆ ಉತ್ತರ ಕೊಡದೆ ‘ಬೇಡ’ ಎನ್ನುವುದು ನನಗೇ ಸರಿಕಾಣಲಿಲ್ಲ. ಹಲಗೆಗೆ ಕಾಗದ ಅಂಟಿಸಿದೆ. ಗೆರೆ ಎಳೆಯುವ ಟಿ-ಸ್ಕ್ವೇರ್ ಅಲುಗದಂತೆ ಅದರ ಮೇಲೆ ಎಡಗೈಯನ್ನು ಎತ್ತಿ ಇಟ್ಟೆ. ಪೇಪರ್‌ವೇಟಿನ ಕೆಲಸಕ್ಕೆ ಅದು ಅಡ್ಡಿಯಿಲ್ಲ. ಬಚ್ಚಲಿಗೆ ಹೋಗಿಬರುವಾಗಲೆಲ್ಲ ಬಲಗೈಯ ಊರುಗೋಲನ್ನೇ ಅಳತೆಕೋಲು ಮಾಡಿ ಕೋಣೆ ಅಳೆದೆ. ಕೋಣೆ ಚಿಕ್ಕದೇನಲ್ಲ. ಅದನ್ನು ನುಂಗಿ ಕೂತಿದ್ದು ಮೇಜಲ್ಲ, ಗಾಜಿನ ಶೋಕೇಸ್. ಗೃಹಪ್ರವೇಶಕ್ಕೆ ಭಾವಮೈದ ಕೊಟ್ಟ ಉಡುಗೊರೆ, ಆಳೆತ್ತರದ್ದು. ಅದರೊಳಗಿನ ಗೊಂಬೆಗಳನ್ನು ಒರೆಸಿ ಒರೆಸಿ ಹೆಂಡತಿಯ ಅರ್ಧ ಆಯಸ್ಸು ಹೋಗಿದೆ. ತಮ್ಮ ಬೇಜಾರು ಮಾಡಿಕೊಳ್ಳುತ್ತಾನೆಂದು ಅವಳು ಉಸಿರೆತ್ತುವುದಿಲ್ಲ.

ಭಾನುವಾರ ಭಾವಮೈದ ಗಾಡಿ ನಿಲ್ಲಿಸಿ ಒಳಗೆ ಬಂದ. "ಭಾವ, ಹೇಗಿದ್ದೀರಿ? ಮೇಜು ಒಯ್ಯೋಕೆ ಬಂದೆ!"

ನಾನು ನಕ್ಷೆಯನ್ನು ಅವನ ಮುಂದೆ ಸರಿಸಿದೆ.

"ಇದು ಯಾವುದು, ಹಳೇದಾ?" ಎಂದ.

ಹೆಂಡತಿ ಅವನ ಹೆಗಲ ಮೇಲಿಂದ ಬಗ್ಗಿ ನೋಡಿದಳು. "ಹಳೇದು ಹೇಗಾಗತ್ತೋ, ಮಂಚ ಇದೆಯಲ್ಲ. ಮೇಜಿನ ಹಲಗೆ ನೆಟ್ಟಗೆ ನಿಲ್ಸಿದ್ದಾರೆ. ಬಾಗಿಲು ತೆಗೆಯೋಕೂ ಜಾಗ ಬಿಟ್ಟಿದ್ದಾರೆ... ರೀ, ಗೋಡೆ ಉದ್ದಕ್ಕೂ ಇದೇನು ಗೆರೆ?"

ಅದು ಮಂಚದಿಂದ ಬಚ್ಚಲಿನವರೆಗೆ ಒಬ್ಬನೇ ಹಿಡಿದು ನಡೆಯಲೆಂದು ನಾನು ಹಾಕಿದ್ದ ಹಿಡಿಕಂಬಿ. ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ ‘ನಿನ್ನ ಹೆಗಲಿಗೆ ರಜೆ’ ಎಂದು ಬರೆದಿದ್ದೆ. ಅವಳು ಓದಿದಳು, ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು.

ಭಾವಮೈದ ಮಗುವಿಗೆ ಹೇಳುವ ಧ್ವನಿಯಲ್ಲಿ, "ಚೆನ್ನಾಗಿದೆ ಭಾವ. ಆದ್ರೆ ಅವತ್ತು ನೀವೇ ಕೊಡಬೇಕು ಅಂದ್ರಲ್ಲ? ಈಗ ಏನಂತೀರಿ, ಯೋಚ್ನೆ ಮಾಡಿ ಹೇಳಿ" ಎಂದ.

ಪ್ಯಾಡು ಎಳೆದುಕೊಂಡು ಬರೆದೆ: ‘ಮೇಜು ಕೊಡಬೇ’.

ಕರ್ ಎಂದು ಲೋಹ ಕಾಗದಕ್ಕೆ ಉಜ್ಜಿತು. ಕಡ್ಡಿ ಸವೆದು ಹಲ್ಲಿನೊಳಗೆ ಸೇರಿತ್ತು. ಆಣೆ ಮಾಡಿ ಹೇಳುತ್ತೇನೆ, ಬೇಕೆಂದು ಮಾಡಿದ್ದಲ್ಲ. ಭಾವಮೈದ ಪ್ಯಾಡಿಗೆ ಕೈ ಚಾಚಿದ. ಹೆಂಡತಿ ಅಭ್ಯಾಸಬಲದಿಂದ "ಇರಿ ರೀ, ಶಾರ್ಪನರ್..." ಎಂದು ಏಳಹೋದಳು.

ಇಬ್ಬರನ್ನೂ ಕಣ್ಣಿನಿಂದಲೇ ತಡೆದೆ. ಪೆನ್ಸಿಲ್ಲನ್ನು ಕಾಗದದಿಂದ ಒಂದು ಉಗುರಿನಷ್ಟು ಎತ್ತಿ ಗುಂಡಿ ಒತ್ತಿದೆ. ಕಡ್ಡಿ ಇಳಿದು ಟಕ್ ಎಂದು ಕಾಗದ ಮುಟ್ಟಿತು. ಬೆರಳು ಬಿಟ್ಟೆ, ಹಲ್ಲು ಕಚ್ಚಿತು. ಡ್ರಾಯರಿನ ಸಂದಿಯಲ್ಲಿ ಡಬ್ಬಿ ಸಿಕ್ಕಿಸಿ, ಹೊಟ್ಟೆ ಒತ್ತಿ, ನಿಧಾನವಾಗಿ ಗರಗರ ಸುತ್ತಿಸಿದೆ. ಅವಸರವೇನಿತ್ತು? ಮೊನೆಯ ಪುಡಿ ಒರೆಸಿ, ಬಿಟ್ಟ ಜಾಗಕ್ಕೇ ಬಂದು ಬರೆದೆ.

‘ಡ’.

ಆಮೇಲೆ ಮುಂದಿನ ಸಾಲು: ‘ಶೋಕೇಸ್ ಕೊಡಬೇಕು.’

ಭಾವಮೈದ ಎರಡು ಸಲ ಓದಿದ. ಶೋಕೇಸ್ ನೋಡಿದ, ಅಕ್ಕನ ಮುಖ ನೋಡಿದ. ಅವಳು ನೆಲ ನೋಡುತ್ತಿದ್ದಳು, ಆದರೆ ಹೆಗಲು ನಗುವಿಗೆ ಕುಲುಕುತ್ತಿತ್ತು. "ಅಕ್ಕ, ನಿನಗೂ ಇದು ಬೇಡ್ವಾ? ಇಷ್ಟು ವರ್ಷ ಒಂದು ಮಾತು ಹೇಳ್ಬಾರ್ದಾ?" ಎಂದ. ಆಮೇಲೆ ನನ್ನ ಕಡೆ ತಿರುಗಿ, ಮಗುವಿನ ಧ್ವನಿ ಬಿಟ್ಟು, ಕಾಯಿಲೆಗೆ ಮುಂಚಿನ ಭಾವನಿಗೆ ಹೇಳುವಂತೆ ಹೇಳಿದ: "ತಪ್ಪಾಯ್ತು ಭಾವ. ನಾನು ಓದೋಕೆ ಅವಸರ ಮಾಡ್ದೆ."

ಗಾಡಿಯಲ್ಲಿ ಶೋಕೇಸ್ ಹೋಯಿತು. ಅದು ನಿಂತಿದ್ದ ಗೋಡೆಯಲ್ಲಿ ಬಣ್ಣ ಹೊಸದಾಗಿಯೇ ಉಳಿದಿತ್ತು. ಹೆಂಡತಿ ಅಲ್ಲೇ ಗೋಡೆಗೊರಗಿ ಕೂತಳು.

"ಇನ್ನು ನಾನ್ಯಾಕೆ ಬೇಕು ನಿಮಗೆ? ಮೊನೆ ನೀವೇ ಮಾಡ್ಕೋತೀರ, ಮಾತೂ ನೀವೇ ಮುಗಿಸ್ತೀರ. ನನ್ನ ಹೆಗಲಿಗೂ ರಜೆ ಕೊಟ್ರಿ" ಎಂದಳು. ತಮಾಷೆಗೇ ಹೇಳಿದ್ದು, ಆದರೆ ಕೊನೆಯಲ್ಲಿ ಧ್ವನಿ ಒಡೆಯಿತು.

ಪ್ಯಾಡಿನಲ್ಲಿ ‘ನೀನು ಬೇ’ ಎಂದು ಬರೆದು ನಿಲ್ಲಿಸಿದೆ. ಪ್ಯಾಡನ್ನೂ ಪೆನ್ಸಿಲ್ಲನ್ನೂ ಅವಳಿಗೆ ಚಾಚಿದೆ. ಉಳಿದ ಅಕ್ಷರ ಅವಳೇ ಬರೆಯಲಿ ಎಂದು.

ಅವಳು ಪೆನ್ಸಿಲ್ ಹಿಡಿದು, ನಾನು ಮಾಡುತ್ತಿದ್ದುದನ್ನು ನೋಡಿದ್ದಳಲ್ಲ, ಜೋರಾಗಿ ಗುಂಡಿ ಒತ್ತಿದಳು. ಇಡೀ ಕಡ್ಡಿ ಜಾರಿ ನೆಲಕ್ಕೆ ಬಿದ್ದು ಮೂರು ಚೂರಾಯಿತು. ಅವಳು ಬಾಯಿಗೆ ಕೈ ಇಟ್ಟುಕೊಂಡು ನನ್ನನ್ನು ನೋಡಿದಳು. ನನಗೆ ನಗು ತಡೆಯಲಾಗಲಿಲ್ಲ. ಮಾತು ಕೆಟ್ಟರೂ ನಗು ಕೆಟ್ಟಿಲ್ಲವೆಂದು ಆಗಲೇ ಗೊತ್ತಾದದ್ದು. ಅವಳೂ ನಕ್ಕಳು, ನಗುತ್ತಲೇ ಕಣ್ಣೊರೆಸಿಕೊಂಡಳು, ಪ್ಯಾಡನ್ನು ಇನ್ನೊಮ್ಮೆ ನೋಡಿದಳು.

"ಇರ್ಲಿ ಬಿಡಿ. ಇದನ್ನ ಹೇಗೆ ಓದ್ಬೇಕು ಅಂತ ನನಗೆ ಗೊತ್ತು."

ಹೊಸ ಕಡ್ಡಿ ಹಾಕಲು ನಾನು ಅವಸರ ಮಾಡಲಿಲ್ಲ.