ಹಿತ್ತಾಳೆಯ ನಟ್ಟು

ಆ ಬೆಳಿಗ್ಗೆ ಮರಳೂರಿನಲ್ಲಿ ಎದುರುಮನೆಯ ತೆಂಗಿನಮರವೂ ಕಾಣದಷ್ಟು ಮಂಜು. ಅದರೊಳಗಿಂದ ಕೆಮ್ಮುವ ಮುದುಕನಂತೆ ಬಂದು ಷಡಕ್ಷರಿಯ ಗ್ಯಾರೇಜಿನ ಮುಂದೆ ನಿಂತದ್ದು ಕುಣಿಗಲ್ಲಿನ ಸದಾಶಿವಯ್ಯನವರ ಅರವತ್ತೆಂಟರ ಅಂಬಾಸಿಡರ್.

“ಮಗಳು ನಂದಿತಾ ದಾರಿ ತೋರ್ಸೋ ಡಬ್ಬ ಕೊಡ್ಸವ್ಳೆ ಕಣೋ. ಹುಲಿಯೂರುದುರ್ಗದ ಬೆಟ್ಟದ ಮರೆಗೆ ಹೋದ್ರೆ ಸ್ಯಾಟಲೈಟ್ ಸಿಗ್ದೆ ಮೂಕ ಆಗ್ತದೆ. ಆಗ್ಲೂ ಅದು ದಾರಿ ಹೇಳ್ಬೇಕಂದ್ರೆ ಗಾಡಿ ಎಷ್ಟು ಸ್ಪೀಡಲ್ಲಿದೆ ಅಂತ ಅದಕ್ಕೆ ಹೇಳಕ್ಕೆ ಈ ಸೆನ್ಸರ್ ಬೇಕಂತೆ,” ಎಂದು ಅವರು ಹೆಬ್ಬೆರಳ ಗಾತ್ರದ ಸಾಮಾನೊಂದನ್ನು ಕೊಟ್ಟರು.

ಅದು ಕೂರಬೇಕಾದ್ದು ಗೇರ್‌ಬಾಕ್ಸಿಗೆ ಮೀಟರ್ ಕೇಬಲ್ ಸೇರುವ ಕಡೆ. ಷಡಕ್ಷರಿ ಗಾಡಿಯಡಿ ತೂರಿ ಟಾರ್ಚು ಬಿಟ್ಟ. ಹನ್ನೊಂದು ವರ್ಷದ ಹಿಂದೆ ತಾನೇ ಸುತ್ತಿದ್ದ ತಾಮ್ರದ ತಂತಿ ಹಾಗೇ ಇತ್ತು.

ಆಗ ಬ್ರೇಕ್ ಕೆಲಸಕ್ಕೆಂದು ಬಿಟ್ಟಿದ್ದ ಈ ಗಾಡಿಯನ್ನು, ಮೀಟರ್ ಓಡದಿರಲೆಂದು ಕೇಬಲ್ ಕಳಚಿ, ನಾದಿನಿಯ ಮದುವೆಗೆ ಅಮೃತೂರಿಗೆ ಒಯ್ದಿದ್ದ. ಮರಳಿ ಜೋಡಿಸುವಾಗ ಅದನ್ನು ಬಿಗಿಯುವ ಹಿತ್ತಾಳೆ ನಟ್ಟು ಸಿಗದೆ ತಂತಿ ಕಟ್ಟಿದ. ವಾರದಲ್ಲೇ ಮೀಟರ್ ನಿಂತಿತು. ತಂತಿ ಕಂಡು, ಡ್ರೈವರ್ ಕದರಯ್ಯನೇ ಕೇಬಲ್ ಕಳಚಿ ಕದ್ದು ಬಾಡಿಗೆ ಹೊಡೆದಿದ್ದಾನೆಂದು ಯಜಮಾನರು ಅವನಿಂದ ಕೀ ಕಿತ್ತುಕೊಂಡು ಗುಬ್ಬಿಯ ಮನೆಗೆ ಕಳಿಸಿದರು. “ನಿಂಗೇನಾದ್ರೂ ಗೊತ್ತೇನೋ?” ಎಂದಾಗ ಷಡಕ್ಷರಿ ಇಲ್ಲವೆಂದು ತಲೆಯಾಡಿಸಿದ್ದ. ಆಮೇಲೆ ಮದುವೆಯ ಅಂಗಿಯ ಜೇಬಲ್ಲೇ ಸಿಕ್ಕಿದ ಆ ನಟ್ಟು ಅಂದಿನಿಂದ ವಿಭೂತಿ ಡಬ್ಬಿಯಲ್ಲಿದೆ. ದಿನಾ ಬೆಳಿಗ್ಗೆ ವಿಭೂತಿಗಿಂತ ಮೊದಲು ಬೆರಳಿಗೆ ತಗಲುವುದು ಅದೇ.

“ಆ ಕಳ್ಳ ಕಟ್ಟಿದ ತಂತಿ ಇನ್ನೂ ಐತೇನೋ?” ಬಗ್ಗಿ ನೋಡಿ ಸದಾಶಿವಯ್ಯ ನಕ್ಕರು.

ಷಡಕ್ಷರಿ ಒಳಗೆ ಹೋದ. ಬೂದಿ ಮೆತ್ತಿದ ಹಿತ್ತಾಳೆ ನಟ್ಟನ್ನು ತಂದು ಅವರ ಅಂಗೈಗಿಟ್ಟ.

“ಕಳ್ಳ ನಾನು ಯಜಮಾನ್ರೇ.” ಮದುವೆಯ ಸಂಗತಿಯನ್ನೆಲ್ಲ ನೆಲ ನೋಡುತ್ತಲೇ ಹೇಳಿದ.

ಅವರು ಬೂದಿ ಒರೆಸಿ ನಟ್ಟನ್ನು ತಿರುಗಿಸಿ ನೋಡಿದರು. “ಇದನ್ನೇ ಹಾಕು,” ಅಂದರು. ಸೆನ್ಸರ್ ಕೂತಾದ ಮೇಲೆ, “ಗಾಡಿ ಹತ್ತು. ಗುಬ್ಬಿಗೆ.”

ದಾರಿಯುದ್ದಕ್ಕೂ ಮಾತಾಡಿದ್ದು ಆ ಡಬ್ಬವೊಂದೇ.

ಕದರಯ್ಯ ಜಗಲಿಯಲ್ಲಿ ಕೂತು ತೆಂಗಿನ ಕಡ್ಡಿಯ ಪೊರಕೆ ಕಟ್ಟುತ್ತಿದ್ದ.

“ಕದರಣ್ಣ, ಆ ತಂತಿ ಕಟ್ಟಿದ್ದು ನಾನು.”

“ಗೊತ್ತಿತ್ತು ಬುಡ್ಲಾ. ಆ ಗಂಟು ನಿಂದೇ.”

“ಗೊತ್ತಿದ್ದೂ ಯಾಕೆ ಹೇಳ್ಲಿಲ್ಲ?”

“ನಿನ್ ಗ್ಯಾರೇಜಿಗೆ ಆಗ್ತಾನೇ ಪೂಜೆ ಆಗಿತ್ತು. ನಂಗೆ ಇನ್ನೆಲ್ಲಾದ್ರೂ ಗಾಡಿ ಸಿಗ್ತದೆ ಅನ್ಕಂಡೆ.” ಕಡ್ಡಿಗಳನ್ನು ನೆಲಕ್ಕೆ ಕುಟ್ಟಿ ಸಮ ಮಾಡಿದ. “ಕಳ್ಳ ಅನ್ನಿಸ್ಕಂಡವ್ನಿಗೆ ಯಾರು ಕೊಡ್ತಾರೆ?”

ಬೈದಿದ್ದರೆ ಹಗುರಾಗುತ್ತಿತ್ತು. ಷಡಕ್ಷರಿ ತಲೆ ಎತ್ತಲಿಲ್ಲ. ಯಜಮಾನರ ಚಪ್ಪಲಿ ತನ್ನನ್ನು ದಾಟಿ ಜಗಲಿಯತ್ತ ಹೋದದ್ದಷ್ಟೇ ಕಂಡಿತು. ಸದಾಶಿವಯ್ಯ ಕದರಯ್ಯನ ಅಂಗೈ ಬಿಡಿಸಿ ಗಾಡಿಯ ಕೀ ಇಟ್ಟರು.