ಹದಿನಾಲ್ಕನೇ ನಿಯಮ

ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಅವಳನ್ನು ಎಲ್ಲರೂ ಇಸ್ತ್ರಿಯಕ್ಕ ಎಂದೇ ಕರೆಯುತ್ತಿದ್ದರು. ಹದಿನೇಳು ವರ್ಷಗಳಿಂದ ಆವಿಯ ಇಸ್ತ್ರಿ ಯಂತ್ರದ ಮುಂದೆ ನಿಂತು, ಒದ್ದೆ ಹಾಸಿಗೆ ಬಟ್ಟೆಗಳ ಅಂಚು ಹಿಡಿದು ಉರುಳೆಗೆ ಕೊಡುವುದು ಅವಳ ಕೆಲಸ. ಕೆಲಸ ಮುಗಿಸಿ ಮನೆಗೆ ಬಂದರೆ ಸೊಂಟ ಇದೆಯೋ ಇಲ್ಲವೋ ಎನ್ನುವಂತಾಗುತ್ತಿತ್ತು. ಅಂಥವಳಿಗೆ ನಲವತ್ತನಾಲ್ಕನೇ ವಯಸ್ಸಿನಲ್ಲಿ ಬೆಟ್ಟದ ಸೈಕಲ್ಲಿನ ಹುಚ್ಚು ಹತ್ತಿಸಿದವಳು ಅವಳ ಓರಗಿತ್ತಿ.

ಇಬ್ಬರದ್ದೂ ಒಂದೇ ಮನೆ. ಅತ್ತೆಯ ಜೊತೆ ಇಸ್ತ್ರಿಯಕ್ಕನ ಸಂಸಾರ ಕೆಳಗೆ, ಮೈದುನನ ಸಂಸಾರ ಮೇಲೆ, ಅಡುಗೆ ಮಾತ್ರ ಒಟ್ಟಿಗೆ. ಓರಗಿತ್ತಿ ಹನ್ನೊಂದು ವರ್ಷ ಚಿಕ್ಕವಳು, ಡ್ರೈವಿಂಗ್ ಶಾಲೆಯೊಂದರಲ್ಲಿ ಗುಮಾಸ್ತೆ. ಮಾತಿನ ಮಲ್ಲಿ. ಮನೆಗೆ ಬಂದ ವರ್ಷದಲ್ಲೇ ಅವಳು ಇಸ್ತ್ರಿಯಕ್ಕನಿಗೆ ತಂಗಿಯಂತಾಗಿದ್ದಳು. ಹಳೆಯ ಸೈಕಲ್ಲೊಂದನ್ನು ಎಲ್ಲಿಂದಲೋ ಹಿಡಿದು ತಂದು, "ಅಕ್ಕ, ಸುಮ್ನೆ ಒಂದು ಸಲ ಹತ್ತಿ ನೋಡಿ" ಎಂದಿದ್ದಳು. ಆ ಒಂದು ಸಲ ಮುಂದೆ ಪ್ರತಿ ಭಾನುವಾರವಾಯಿತು. ನಿದ್ದೆಗಣ್ಣಲ್ಲೇ ಎದ್ದು, ಬ್ರೆಡ್ಡಿನ ನಡುವೆ ಬೇಯಿಸಿದ ಮೊಟ್ಟೆ ಇಟ್ಟುಕೊಂಡು ಇಬ್ಬರೂ ಬೆಟ್ಟದ ಕಡೆ ಹೊರಟರೆ ಮಧ್ಯಾಹ್ನದ ಊಟಕ್ಕೇ ವಾಪಸ್ಸು. "ಇವರಿಬ್ಬರಿಗೂ ಏನೋ ಅಮರಿಕೊಂಡಿದೆ" ಎಂದು ಅತ್ತೆ ಗೊಣಗುತ್ತಿದ್ದರು.

ಎಂಟು ಗಂಟೆಗಳ ಜೋಡಿ ಸ್ಪರ್ಧೆಗೆ ಹೆಸರು ಕೊಡೋಣ ಎಂದವಳೂ ಓರಗಿತ್ತಿಯೇ. ಹನ್ನೊಂದು ಕಿಲೋಮೀಟರಿನ ಬೆಟ್ಟದ ಸುತ್ತು. ಒಬ್ಬರು ಒಂದು ಸುತ್ತು ಮುಗಿಸಿ ಡೇರೆಯಲ್ಲಿ ಮಣಿಕಟ್ಟಿನ ಪಟ್ಟಿ ಬಿಚ್ಚಿ ಕೊಟ್ಟ ಮೇಲೆ ಇನ್ನೊಬ್ಬರು ಹೊರಡಬೇಕು. ಹೆಚ್ಚು ಸುತ್ತು ಮುಗಿಸಿದ ಜೋಡಿ ಗೆದ್ದಂತೆ. ಹನ್ನೆರಡು ಪುಟದ ನಿಯಮಗಳ ಪುಸ್ತಕ ಬಂತು. ಅಕ್ಷರ ಇರುವೆ ಸಾಲಿನಷ್ಟು ಸಣ್ಣದು. ಇಸ್ತ್ರಿಯಕ್ಕ ಅಡುಗೆಮನೆಯಲ್ಲಿ ತರಕಾರಿ ಹೆಚ್ಚುತ್ತಿದ್ದರೆ ಓರಗಿತ್ತಿ ಓದಿ ಹೇಳುತ್ತಿದ್ದಳು. ಹೆಲ್ಮೆಟ್ ಇಲ್ಲದೆ ಸೈಕಲ್ ಮುಟ್ಟುವಂತಿಲ್ಲ. ಗುರುತು ಹಾಕಿದ ದಾರಿ ಬಿಟ್ಟರೆ, ಬಿಟ್ಟ ಜಾಗಕ್ಕೇ ಮರಳಿ ಬರಬೇಕು. ದಾರಿಯಲ್ಲಿ ಕಸ ಎಸೆದರೆ ಜೋಡಿಯೇ ಹೊರಗೆ.

"ಇವರು ಉಸಿರಾಡೋಕೂ ಒಂದು ನಿಯಮ ಇಟ್ಟಿರ್ತಾರೆ, ಸರಿಯಾಗಿ ನೋಡು" ಎಂದು ಇಸ್ತ್ರಿಯಕ್ಕ ನಕ್ಕಿದ್ದಳು.

ಸ್ಪರ್ಧೆಗೆ ಮೂರು ವಾರ ಇದ್ದಾಗ ಓರಗಿತ್ತಿ ಒಂದಷ್ಟು ಕಾಗದ ತಂದಳು. ಆರೋಗ್ಯದ ಹೇಳಿಕೆ, ಫೋಟೋಗೆ ಒಪ್ಪಿಗೆ, ಇನ್ನೂ ಏನೇನೋ. ಇಸ್ತ್ರಿಯಕ್ಕನ ಕೈ ಒದ್ದೆಯಾಗಿತ್ತು. ಸೆರಗಿಗೆ ಒರೆಸಿಕೊಂಡು ಪೆನ್ನು ಹಿಡಿದಳು.

"ಇಲ್ಲಿ ಅಕ್ಕ. ಇಲ್ಲಿ. ಇಲ್ಲೊಂದು."

"ಎಷ್ಟು ಕಾಗದಾನೇ ತಾಯಿ, ಮನೆ ರಿಜಿಸ್ಟ್ರೇಷನ್ನಾ ಇದು?"

ಓರಗಿತ್ತಿಯೂ ನಕ್ಕಳು.

ಸ್ಪರ್ಧೆಯ ಹಿಂದಿನ ದಿನ ಬಟ್ಟೆ ವಿಭಾಗದ ಬಾಯ್ಲರ್ ಕೆಟ್ಟು ಎಲ್ಲರಿಗೂ ಮಧ್ಯಾಹ್ನವೇ ರಜೆ ಸಿಕ್ಕಿತು. ಸೈಕಲ್ಲಿಗೆ ಕಟ್ಟುವ ನಂಬರ್ ಪಟ್ಟಿ ತಾನೇ ತರುತ್ತೇನೆ, ನೀವು ಸುಮ್ಮನೆ ವಿಶ್ರಾಂತಿ ತಗೊಳ್ಳಿ ಎಂದು ಓರಗಿತ್ತಿ ಹೇಳಿದ್ದಳು. ಆದರೂ ಮನೆಗೆ ಹೋಗಿ ಕೂರುವುದಕ್ಕೆ ಇಸ್ತ್ರಿಯಕ್ಕನಿಗೆ ಮನಸ್ಸಾಗಲಿಲ್ಲ. ಬಸ್ಸು ಹತ್ತಿ, ನಂಬರ್ ಹಂಚುತ್ತಿದ್ದ ಬೆಟ್ಟದ ಬುಡದ ಆಟದ ಹಾಲ್‌ಗೆ ಬಂದಳು. ಮೇಜಿನ ಹಿಂದೆ ಕೂತಿದ್ದ ನರೆಗೂದಲಿನ ಹೆಂಗಸು ಹೆಸರುಗಳ ಪಟ್ಟಿಯ ಮೇಲಿಂದ ಕೆಳಗೆ ಎರಡು ಸಲ ಬೆರಳಾಡಿಸಿದಳು.

"ನಿಮ್ಮ ಹೆಸರು ತೆಗೆದುಹಾಕಿದೆಯಲ್ಲಮ್ಮ. ನಿಮ್ಮ ಜಾಗಕ್ಕೆ ಬೇರೆಯವರು ಬಂದಿದಾರೆ."

"ಇಲ್ಲ ಇಲ್ಲ, ಎಲ್ಲೋ ತಪ್ಪಾಗಿದೆ. ಇನ್ನೊಂದು ಸಲ ನೋಡಿ."

ಆ ಹೆಂಗಸು ಕಡತದಿಂದ ಒಂದು ಹಾಳೆ ತೆಗೆದು ತಿರುಗಿಸಿ ಇಟ್ಟಳು. ಕೆಳಗೆ ಇಸ್ತ್ರಿಯಕ್ಕನದೇ ಸಹಿ. ಕೊನೆಯ ಅಕ್ಷರದ ಮೇಲೆ ನೀರಿನ ಕಲೆ. ಪಕ್ಕದಲ್ಲಿ ಅಚ್ಚಾದ ನಿಯಮ: ಹದಿನಾಲ್ಕು, ಹಿಂದೆ ಸರಿಯುವವರು ಲಿಖಿತ ಒಪ್ಪಿಗೆ ಕೊಟ್ಟರೆ ಜೋಡಿಯಲ್ಲಿ ಒಬ್ಬರನ್ನು ಬದಲಿಸಬಹುದು. ಆ ನಿಯಮ ಅವಳ ಕಿವಿಗೆ ಬಿದ್ದೇ ಇರಲಿಲ್ಲ. ಹೊಸ ಹೆಸರಿನ ಮುಂದೆ ಉದ್ಯೋಗ ಬರೆದಿತ್ತು: ಈಜು ತರಬೇತಿ.

ತಾರೀಕು ನೋಡಿದಳು. ಇಪ್ಪತ್ತೊಂದು ದಿನಗಳ ಹಿಂದಿನದು. ಅದರ ನಂತರ ಮೂರು ಭಾನುವಾರ ಇಬ್ಬರೂ ಬೆಟ್ಟ ಹತ್ತಿದ್ದರು. ಎರಡನೆಯದರಲ್ಲಿ ಇಸ್ತ್ರಿಯಕ್ಕ ಜಾರಿ ಬಿದ್ದು ಮೊಣಕೈ ತರಚಿದಾಗ ಓರಗಿತ್ತಿ ತನ್ನ ಬಾಟಲಿಯ ನೀರಿನಲ್ಲಿ ಗಾಯ ತೊಳೆದು, "ರೇಸಿನ ದಿನ ಮಾತ್ರ ಹೀಗೆ ಬೀಳ್ಬೇಡಿ ಅಕ್ಕ" ಎಂದಿದ್ದಳು.

ಅಷ್ಟರಲ್ಲಿ ಓರಗಿತ್ತಿಯೇ ಬಾಗಿಲಲ್ಲಿ ಕಾಣಿಸಿದಳು. ಜೊತೆಗೆ ಎತ್ತರದ ಹುಡುಗಿಯೊಬ್ಬಳು. ಓರಗಿತ್ತಿಯ ಮುಖ ಸುಣ್ಣದಂತಾಯಿತು.

"ಅಕ್ಕ, ಇವತ್ತು ಸಂಜೆ ಹೇಳೋಣ ಅಂತಿದ್ದೆ."

"ಏನಂತ ಹೇಳ್ತಿದ್ದೆ?"

"ನಿಮ್ಮ ಸುತ್ತಿಗೆ ಐವತ್ತೆರಡು ನಿಮಿಷ ಆಗುತ್ತೆ. ಇವಳಿಗೆ ನಲವತ್ತಮೂರು. ಒಂದೇ ಒಂದು ಸಲ ಗೆಲ್ಲಬೇಕು ಅನ್ನಿಸ್ತು ಅಕ್ಕ, ಅಷ್ಟೇ."

"ಅದನ್ನ ನನ್ನ ಹತ್ರ ಹೇಳಿದ್ರೆ ನಾನೇ ಬಿಟ್ಟುಕೊಡ್ತಿದ್ದೆ."

ಈ ಮಾತು ನಿಜವೋ ಅಲ್ಲವೋ ಇಸ್ತ್ರಿಯಕ್ಕನಿಗೇ ಗೊತ್ತಿರಲಿಲ್ಲ. ಈಜು ಕಲಿಸುವ ಹುಡುಗಿ ಗಾಬರಿಯಾಗಿ, "ನೀವೇ ಬೇಡ ಅಂದ್ರಿ ಅಂತ ನನಗೆ ಹೇಳಿದ್ರು" ಎಂದಳು.

ಮೇಜಿನ ಹೆಂಗಸು ಕೇಳಿಸಿಕೊಂಡಿದ್ದಳು. ಮೋಸದಿಂದ ಸಹಿ ಪಡೆದಿದ್ದರೆ ಸಂಜೆ ಆರರೊಳಗೆ ದೂರು ಕೊಡಬಹುದು ಎಂದು ಮೆಲ್ಲಗೆ ಹೇಳಿದಳು. ಇಸ್ತ್ರಿಯಕ್ಕ ಅಲ್ಲೇ ನಿಂತು ಐದು ಸಾಲು ಬರೆದುಕೊಟ್ಟಳು.

ಚೆಂಡುಗಳನ್ನೂ ಮಡಚುವ ಕುರ್ಚಿಗಳನ್ನೂ ತುಂಬಿದ್ದ ಹಿಂದಿನ ಕೋಣೆಗೆ ಮುಖ್ಯ ತೀರ್ಪುಗಾರ ಇಬ್ಬರನ್ನೂ ಕರೆದ. ಕುತ್ತಿಗೆಯಲ್ಲಿ ಸೀಟಿ ತೂಗುಹಾಕಿಕೊಂಡ, ಸಾವಧಾನದ ಮನುಷ್ಯ. ಮೊದಲು ಓರಗಿತ್ತಿಯನ್ನು ಕೇಳಿದ.

ಅವಳು ತಪ್ಪೊಪ್ಪಿಕೊಳ್ಳುತ್ತಾಳೆ ಎಂದೇ ಇಸ್ತ್ರಿಯಕ್ಕ ಅಂದುಕೊಂಡಿದ್ದಳು. ಆದರೆ ಓರಗಿತ್ತಿ, "ಅಕ್ಕಾನೇ ಹೇಳಿದ್ದು ಸಾರ್, ಮೊಣಕಾಲು ನೋವು, ನನ್ನ ಕೈಲಿ ಆಗಲ್ಲ ಅಂತ. ಈಗ ಮನಸ್ಸು ಬದಲಾಯಿಸಿದಾರೆ" ಎಂದಳು. ಒಂದು ತೊದಲಿಲ್ಲ.

ಇಸ್ತ್ರಿಯಕ್ಕ ಚೀಲದಿಂದ ಫೋನು ತೆಗೆದಳು. "ನಮ್ಮನೆಯವರನ್ನ ಕೇಳಿ ಸಾರ್. ಇವತ್ತು ಬೆಳಿಗ್ಗೆ ತಾನೇ ನನ್ನ ಸೈಕಲ್ಲಿನ ಚೈನಿಗೆ ಎಣ್ಣೆ ಹಾಕಿಕೊಟ್ಟಿದಾರೆ. ಆಗಲ್ಲ ಅಂದವಳಿಗೆ ಯಾಕೆ ಹಾಕ್ತಿದ್ರು?" ಎಂದು ನಂಬರ್ ಒತ್ತಿ, ಸ್ಪೀಕರ್ ಹಾಕಿ ಮೇಜಿನ ಮೇಲಿಟ್ಟಳು. ತೀರ್ಪುಗಾರ ವಿಷಯ ವಿವರಿಸಿದ. ಆ ಕಡೆಯಿಂದ ಸ್ವಲ್ಪ ಹೊತ್ತು ಫ್ಯಾನಿನ ಸದ್ದಷ್ಟೇ ಕೇಳಿಸಿತು.

"ಅದು ಅವರಿಬ್ಬರ ಮಧ್ಯದ ಮಾತು ಸಾರ್. ನನಗೆ ಸರಿಯಾಗಿ ಗೊತ್ತಿಲ್ಲ" ಎಂದ ಗಂಡ.

ತೀರ್ಪುಗಾರ ಹಾಳೆಯ ಮೇಲಿನ ಸಹಿಯನ್ನೂ ಇಸ್ತ್ರಿಯಕ್ಕನ ಮುಖವನ್ನೂ ನೋಡಿದ. ಸಹಿ ನಿಮ್ಮದು ತಾನೇ ಎಂದು ಕೇಳಿದ. ಹೌದು ಎಂದಳು. ಹಾಗಾದರೆ ತನ್ನ ಕೈ ಕಟ್ಟಿದೆ ಎಂದು ದೂರಿನ ಚೀಟಿಯ ಮೇಲೆ ಅಡ್ಡಗೆರೆ ಎಳೆದ.

ಅವಳು ಮನೆ ಸೇರಿದಾಗ ಗಂಡ ಟೀ ಮಾಡಿಟ್ಟಿದ್ದ. ವರ್ಷಕ್ಕೊಂದು ಸಲ ಅಡುಗೆಮನೆ ಕಡೆ ತಲೆ ಹಾಕುವ ಮನುಷ್ಯ.

"ನಿಮಗೆ ಗೊತ್ತಿತ್ತಾ?"

"ತಮ್ಮ ಹೇಳಿದ್ದ. ಎರಡು ವಾರ ಆಯ್ತು. ಅವಳೇ ನಿನಗೆ ಹೇಳ್ತಾಳೆ ಅಂದ್ಕೊಂಡೆ."

"ಎರಡು ವಾರದಿಂದ ಗೊತ್ತಿದ್ದೂ ಇವತ್ತು ಬೆಳಿಗ್ಗೆ ಎಣ್ಣೆ ಹಾಕಿದ್ರಲ್ಲ."

"ಇನ್ನೇನ್ ಮಾಡ್ಲಿ? ನೀನು ಅಷ್ಟು ಖುಷಿಯಾಗಿದ್ದೆ. ಆಮೇಲೆ ಫೋನಲ್ಲಿ, ಹೊರಗಿನವರ ಮುಂದೆ, ಅವಳನ್ನ ಸುಳ್ಳಿ ಅಂತ ಹೇಗೆ ಹೇಳ್ಲಿ? ಒಂದು ಸೈಕಲ್ ರೇಸಿಗೋಸ್ಕರ ಮನೆ ಒಡೀಬೇಕಾ?"

"ನಾನೂ ಈ ಮನೆಯವಳೇ" ಎಂದಳು ಇಸ್ತ್ರಿಯಕ್ಕ. ಟೀ ಲೋಟವನ್ನು ಮುಟ್ಟದೆ ಒಳಗೆ ಹೋದಳು.

ಮರುದಿನ ಅವಳು ಮನೆಯಲ್ಲಿ ಕೂರಲಾರದೆ, ರಜೆ ಕೇಳಿದ್ದ ಗೆಳತಿಯ ಪಾಳಿಯನ್ನು ತಾನೇ ಮಾಡಿದಳು. ಬಾಯ್ಲರ್ ಸರಿಯಾಗಿತ್ತು. ಎರಡು ದಿನದ ಹಾಸಿಗೆ ಬಟ್ಟೆ ಗುಡ್ಡೆ ಬಿದ್ದಿತ್ತು. ಓರಗಿತ್ತಿಯ ಜೋಡಿಗೆ ನಾಲ್ಕನೇ ಸ್ಥಾನ ಬಂತೆಂದು ಸಂಜೆ ಅತ್ತೆಯ ಬಾಯಿಂದ ತಿಳಿಯಿತು. ಕೇಳಿ ಅವಳಿಗೆ ಸಮಾಧಾನವಾಗಲಿಲ್ಲ, ಸಂಕಟವೂ ಆಗಲಿಲ್ಲ. ಗಂಡನ ಫೋನಿನಲ್ಲಿ ಕೇಳಿದ ಫ್ಯಾನಿನ ಸದ್ದು ಮಾತ್ರ ಕಿವಿ ಬಿಟ್ಟು ಹೋಗಿರಲಿಲ್ಲ.

ಓರಗಿತ್ತಿ ಎರಡು ಸಲ ಅತ್ತುಕೊಂಡು ಬಂದಳು. ಇಸ್ತ್ರಿಯಕ್ಕ ಕೇಳಿಸಿಕೊಂಡಳು, ಬೈಯಲಿಲ್ಲ. ಗ್ಯಾಸ್ ಮುಗಿಯುತ್ತಾ ಬಂದಿದೆ, ಬುಕ್ ಮಾಡಬೇಕು ಎಂದಷ್ಟೇ ಹೇಳಿದಳು. ಗಂಡನ ಜೊತೆಯೂ ಬೇಕಾದ ಮಾತು ಬೇಕಾದಷ್ಟೇ. ಸೈಕಲ್ಲನ್ನು ಮನೆಯಿಂದ ತೆಗೆದು ಬಟ್ಟೆ ವಿಭಾಗದ ಹಿಂದಿನ ಸೋಪಿನ ಕೋಣೆಯಲ್ಲಿ ಇಟ್ಟುಕೊಂಡಳು. ಕೀಲಿ ಇದ್ದದ್ದು ಅವಳೊಬ್ಬಳ ಹತ್ತಿರ.

ಎರಡು ತಿಂಗಳ ಮೇಲೆ ಒಂದು ಭಾನುವಾರ, ಬೆಟ್ಟದ ಅರ್ಧ ದಾರಿಯಲ್ಲಿ, ಮುಂದೆ ಒಬ್ಬಳು ಸೈಕಲ್ ತಳ್ಳಿಕೊಂಡು ಹೋಗುತ್ತಿರುವುದು ಕಾಣಿಸಿತು. ಹಿಂದಿನಿಂದಲೇ ಗುರುತು ಹತ್ತಿತು. ಅಂಥ ಕಿರಿದಾರಿಯಲ್ಲಿ ದಾಟುವವರು ಯಾವ ಕಡೆಯಿಂದ ಬರುತ್ತೇವೆಂದು ಕೂಗಿ ಹೇಳುವುದು ರೂಢಿ.

"ಬಲಗಡೆಯಿಂದ ಬರ್ತಿದೀನಿ" ಎಂದಳು ಇಸ್ತ್ರಿಯಕ್ಕ, ಯಾರೋ ಗೊತ್ತಿಲ್ಲದವರಿಗೆ ಹೇಳುವಂತೆ.

ಓರಗಿತ್ತಿ ಪೊದೆಗೆ ಒತ್ತಿ ದಾರಿ ಬಿಟ್ಟಳು. ಅವಳ ಹಿಂದಿನ ಚಕ್ರದ ಗಾಳಿ ಹೋಗಿತ್ತು. "ಅಕ್ಕ, ಟ್ಯೂಬ್ ಇದೆಯಾ?"

ಇಸ್ತ್ರಿಯಕ್ಕ ನಿಂತಳು. ಚೀಲದಿಂದ ಹೊಸ ಟ್ಯೂಬ್ ತೆಗೆದು ಅವಳ ಕೈಗೆ ಕೊಟ್ಟಳು. ಕೈಪಂಪನ್ನೂ ಕೊಟ್ಟಳು. "ಪಂಪು ಮನೆಯಲ್ಲಿ ಮೆಟ್ಟಿಲ ಮೇಲಿಡು" ಎಂದಳು.

"ಒಂದೈದು ನಿಮಿಷ ನಿಲ್ತೀರಾ? ಒಟ್ಟಿಗೇ ಹೋಗೋಣ."

"ಇಲ್ಲ" ಎಂದು ಇಸ್ತ್ರಿಯಕ್ಕ ಪೆಡಲ್ ತುಳಿದಳು. ಮೇಲೆ ದಾರಿ ಕಡಿದಾಗಿತ್ತು, ಎದೆ ಹೊಡೆದುಕೊಳ್ಳುತ್ತಿತ್ತು. ಆದರೂ ತಿರುವಿನಲ್ಲಿ ಮರೆಯಾಗುವವರೆಗೆ ಅವಳು ಇಳಿಯಲಿಲ್ಲ.